ಮೊನಾಕೊ ನಗರದ ಪಂದ್ಯದ ಹಾದಿ: ಅದರ ವಿನ್ಯಾಸ ಮತ್ತು ಇತಿಹಾಸ

ಮೋಟಾರು ಪಂದ್ಯಗಳ ಚರಿತ್ರೆಯನ್ನು ಬರೆದವರು ಮೊನಾಕೊ ನಗರದ ಪಂದ್ಯದ ಹಾದಿಯ ವಿಷಯದಲ್ಲಿ ಸಾಮಾನ್ಯವಾಗಿ ಒಂದು ಮಾತನ್ನು ಹೇಳುತ್ತ ಬಂದಿದ್ದಾರೆ. 1929ರಲ್ಲಿ ಅದು ಹೇಗಿತ್ತೋ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ ಎಂಬುದು ಆ ಮಾತು. ಬೆಟ್ಟ, ಬಂದರು, ಜೂಜಿನ ಅರಮನೆ ಈ ಮೂರೂ ಅಂದಿನ ಸ್ಥಳದಲ್ಲಿಯೇ ಇರುವುದರಿಂದ ಈ ಮಾತು ಮೇಲ್ನೋಟಕ್ಕೆ ನಿಜವೆಂದೇ ತೋರುತ್ತದೆ. ಆದರೆ ಹಾದಿಯನ್ನು ತಿರುವು ತಿರುವಾಗಿ ಪರಿಶೀಲಿಸಿದರೆ ಸಂಗತಿ ಬೇರೆಯೆಂದು ತಿಳಿದುಬರುತ್ತದೆ. ಮೂರೂಕಾಲು ಕಿಲೋಮೀಟರಿನಷ್ಟಿರುವ ಈ ರಸ್ತೆ ಕಳೆದ ತೊಂಬತ್ತು ವರ್ಷಗಳಲ್ಲಿ ಹಲವು ಸಲ ತನ್ನ ಆಕಾರವನ್ನು ಬದಲಿಸಿಕೊಂಡಿದೆ. ಬದಲಿಸಿಕೊಂಡಾಗಲೆಲ್ಲ ಆ ಪುಟ್ಟ ರಾಜ್ಯದ ಚರಿತ್ರೆಯ ಒಂದೊಂದು ಘಟ್ಟವನ್ನು ತನ್ನ ಮೈಮೇಲೆ ಬರೆದುಕೊಂಡಿದೆ. ಶಾಸನವನ್ನು ಓದುವಂತೆ ಒಂದು ರಸ್ತೆಯನ್ನೂ ಓದಬಹುದೆಂಬುದು ನಮ್ಮ ಅಭಿಪ್ರಾಯ. ಪಂದ್ಯದ ಸೋಲು ಗೆಲುವುಗಳ ಪಟ್ಟಿ ಅನ್ಯತ್ರ ದೊರೆಯುವುದರಿಂದ ಅದನ್ನು ಇಲ್ಲಿ ವಿಸ್ತರಿಸಿಲ್ಲ.

ಮೊದಲು ರಾಜ್ಯದ ವಿಚಾರವನ್ನು ಅರಿಯಬೇಕು. ಗ್ರಿಮಾಲ್ಡಿ ವಂಶದ ದೊರೆಗಳು ಆಳುತ್ತಿದ್ದ ಮೊನಾಕೊ ರಾಜ್ಯಕ್ಕೆ ಮೆಂಟನ್ ಮತ್ತು ರೋಕ್‌ಬ್ರೂನ್ ಎಂಬ ಎರಡು ಪಟ್ಟಣಗಳೂ ಸೇರಿದ್ದುವು. 1848ರಲ್ಲಿ ಅವು ದಂಗೆಯೆದ್ದು ಬೇರೆಯಾದುವು. 1861ರ ಒಪ್ಪಂದದಂತೆ ದೊರೆ ಮೂರನೆಯ ಚಾರ್ಲ್ಸ್ ನಲವತ್ತು ಲಕ್ಷ ಫ್ರಾಂಕುಗಳಿಗೆ ಅವುಗಳ ಹಕ್ಕನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟನು. ಇದರಿಂದ ರಾಜ್ಯದ ಹತ್ತರಲ್ಲಿ ಒಂಬತ್ತು ಪಾಲು ನೆಲ ಕೈತಪ್ಪಿತು. ಉಳಿದದ್ದು ಸುಮಾರು ಒಂದೂವರೆ ಚದರ ಕಿಲೋಮೀಟರು. ಬೆಂಗಳೂರಿನ ಲಾಲ್‌ಬಾಗಿನಂಥ ತೋಟಗಳು ಎರಡು ಅದರೊಳಗೆ ಹಿಡಿಸಲಾರವು. ನಿಂಬೆ, ಆಲಿವ್ ಬೆಳೆಯುತ್ತಿದ್ದ ಊರುಗಳು ಹೋದ ಮೇಲೆ ಆದಾಯಕ್ಕೆ ಬೇರೆ ದಾರಿ ಹುಡುಕಬೇಕಾಯಿತು. 1863ರಲ್ಲಿ ಫ್ರಾಂಸ್ವಾ ಬ್ಲಾಂಕ್ ಎಂಬ ಉದ್ಯಮಿಗೆ ಜೂಜಿನ ಅರಮನೆಯ ಹಕ್ಕು ದೊರೆಯಿತು. 1866ರಲ್ಲಿ ಆ ಗುಡ್ಡಕ್ಕೆ ದೊರೆಯ ಹೆಸರಿನಿಂದ ಮಾಂಟೆ ಕಾರ್ಲೊ ಎಂಬ ನಾಮಕರಣವಾಯಿತು. 1868ರಲ್ಲಿ ನೀಸ್ ಕಡೆಯಿಂದ ರೈಲು ಬಂದಿತು. ಮರುವರ್ಷವೇ ಪ್ರಜೆಗಳ ಮೇಲಿನ ನೇರ ತೆರಿಗೆಗಳನ್ನು ರದ್ದುಮಾಡುವಷ್ಟು ಹಣ ಬೊಕ್ಕಸಕ್ಕೆ ಸೇರತೊಡಗಿತು. ಪಂದ್ಯದ ಹಾದಿಯ ಮೇಲುಭಾಗವೆಲ್ಲ ಈ ಐದಾರು ವರ್ಷಗಳ ಸೃಷ್ಟಿಯೆಂದರೆ ತಪ್ಪಾಗದು.

ಇನ್ನು ಪಂದ್ಯದ ಹುಟ್ಟು. ಆ ಊರಿನ ಸೈಕಲ್ ಸವಾರರು 1890ರಲ್ಲಿ ಕಟ್ಟಿದ ಸಂಘವೊಂದು ಕಾಲಕ್ರಮದಲ್ಲಿ ಮೋಟಾರಿನವರನ್ನೂ ಸೇರಿಸಿಕೊಂಡು ಬೆಳೆದು, 1911ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಪ್ರಾರಂಭಿಸಿ, 1925ರಲ್ಲಿ ಮೊನಾಕೊ ಮೋಟಾರು ಸಂಘವೆಂಬ ಹೆಸರನ್ನು ತಳೆಯಿತು. ರಾಷ್ಟ್ರೀಯ ಸಂಘವೆಂಬ ಮನ್ನಣೆಗಾಗಿ ಅದು ಪ್ಯಾರಿಸ್ಸಿನಲ್ಲಿದ್ದ ಅಂತರರಾಷ್ಟ್ರೀಯ ಮೋಟಾರು ಸಂಘಗಳ ಒಕ್ಕೂಟಕ್ಕೆ ಅರ್ಜಿ ಹಾಕಿಕೊಂಡಾಗ ಒಕ್ಕೂಟದವರು ಅದನ್ನು ತಿರಸ್ಕರಿಸಿದರು. ಅವರು ಕೊಟ್ಟ ಕಾರಣ ಗಮನಾರ್ಹವಾದುದು: ನಿಮ್ಮ ರ‍್ಯಾಲಿ ನಡೆಯುವುದು ಅನ್ಯದೇಶಗಳ ರಸ್ತೆಗಳಲ್ಲಿ, ನಿಮ್ಮ ಸ್ವಂತ ನೆಲದೊಳಗೇ ನಡೆಯುವ ಪಂದ್ಯ ಯಾವುದೂ ಇಲ್ಲ. ಸಂಘದ ಅಧ್ಯಕ್ಷನ ಮಗ ಆಂಟನಿ ನೋಗೆಸ್ ಈ ಆಕ್ಷೇಪಣೆಗೆ ಉತ್ತರವಾಗಿ ರೂಪಿಸಿದ್ದೇ ನಗರದ ಬೀದಿಗಳ ಪಂದ್ಯ. ಸ್ಥಳೀಯ ಚಾಲಕ ಲೂಯಿ ಶಿರೋನನ ಸಲಹೆಯನ್ನೂ ಆತ ಪಡೆದನು.

ಇಲ್ಲಿ ಕ್ಷಣಕಾಲ ನಿಲ್ಲುವುದು ಉಚಿತ. ಇತರ ದೇಶಗಳಲ್ಲಿ ಬಯಲಿನಲ್ಲೋ ಕಾಡಿನ ಅಂಚಿನಲ್ಲೋ ಪಂದ್ಯಕ್ಕೆ ಅನುಕೂಲವಾದ ಹಾದಿಯನ್ನು ಆರಿಸಿಕೊಂಡರು. ನೋಗೆಸನಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಗಡಿಯನ್ನು ದಾಟದೆ ಒಂದು ಸುತ್ತು ಪೂರೈಸಬಲ್ಲ ರಸ್ತೆಗಳು ಇಡೀ ರಾಜ್ಯದಲ್ಲಿ ಇದ್ದುದು ಬಂದರಿನ ಸುತ್ತಲೂ ಗುಡ್ಡದ ಮೇಲೂ ಮಾತ್ರ. ಆದ್ದರಿಂದ ಈ ಹಾದಿಯನ್ನು ಯಾರೋ ವಿನ್ಯಾಸಗೊಳಿಸಿದರು ಎನ್ನುವುದಕ್ಕಿಂತ, 1861ರ ಒಪ್ಪಂದವು ಉಳಿಸಿಕೊಟ್ಟ ನೆಲವೇ ಅದನ್ನು ವಿಧಿಸಿತು ಎನ್ನುವುದು ಹೆಚ್ಚು ಸರಿಯಾದೀತು. ನೆಲ ಕಡಿಮೆಯಾದ ರಾಜ್ಯವೊಂದು ತನಗೂ ನೆಲವಿದೆಯೆಂದು ತೋರಿಸಿಕೊಡಲು ಮಾಡಿದ ಏರ್ಪಾಡು ಇದು.

ಈಗ ಹಾದಿಯನ್ನು ಸುತ್ತಿ ನೋಡೋಣ. ವಾಹನಗಳು ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತವೆ. ಬಂದರಿನ ಮಗ್ಗುಲಿಗಿರುವ ಲಾ ಕೊಂಡಮೀನ್ ಪೇಟೆಯ ಒಂದನೆಯ ಆಲ್ಬರ್ಟ್ ಹೆದ್ದಾರಿಯಲ್ಲಿ ಪಂದ್ಯ ಆರಂಭವಾಗುತ್ತದೆ. ಅದರ ತುದಿಯ ಬಲತಿರುವಿಗೆ ಸೇಂತ್ ದೆವೋತ್ ಎಂದು ಹೆಸರು. ಅಲ್ಲಿನ ಕಮರಿಯಲ್ಲಿರುವ ಚಿಕ್ಕ ಗುಡಿ ಆ ರಾಜ್ಯದ ಕಾಪಾಡುವ ದೇವತೆಯಂತಿರುವ ಸಂತಳದು. ಕಾರ್ಸಿಕ ದ್ವೀಪದಲ್ಲಿ ಹುತಾತ್ಮಳಾದ ಆಕೆಯ ದೇಹವನ್ನು ಹೊತ್ತ ದೋಣಿ ಇಲ್ಲಿಗೆ ತೇಲಿಬಂದಿತೆಂದು ಐತಿಹ್ಯವಿದೆ. ಪ್ರತಿವರ್ಷ ಜನವರಿ 26ರ ಸಂಜೆ ಅಲ್ಲಿ ದೋಣಿಯೊಂದನ್ನು ಸುಡುವ ಪದ್ಧತಿ ಇಂದಿಗೂ ಇದೆ. ಅಲ್ಲಿಂದ ಹಾದಿ ಬೋ ರಿವಾಜ್ ಏರನ್ನು ಹತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 40 ಮೀಟರು ಮೇಲೇರಿದ ಮೇಲೆ ಎಡಕ್ಕೆ ಹೊರಳುವ ದೀರ್ಘ ತಿರುವು ಸಂಗೀತಕಾರ ಮಾಸ್ನೆಯ ಹೆಸರಿನದು. ಆತನ ಹಲವು ಗೀತನಾಟಕಗಳು ಪಕ್ಕದ ಒಪೇರಾ ಮಂದಿರದಲ್ಲಿಯೇ ಮೊದಲ ಪ್ರದರ್ಶನವನ್ನು ಕಂಡುವು. ಅನಂತರ ಜೂಜಿನ ಅರಮನೆಯ ಚೌಕ. ಚೌಕವನ್ನು ಬಲಕ್ಕೆ ದಾಟಿ ಹಾದಿ ಇಳಿಯತೊಡಗುತ್ತದೆ: ಮಿರಾಬೊ ಹೋಟಲಿನ ತಿರುವು, ಅದರ ಕೆಳಗೆ ಎಡಕ್ಕೆ ಪೂರ್ತಿಯಾಗಿ ಹಿಂದಿರುಗುವ ಹೇರ್‌ಪಿನ್ ತಿರುವು. ಆಗುಂಬೆ ಘಟ್ಟವನ್ನು ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಗತ್ತಿನ ಅತಿವೇಗದ ವಾಹನಗಳು ಇಲ್ಲಿ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿಗೆ ಇಳಿಯಲೇಬೇಕು. ಅಲ್ಲಿಂದ ಪೋರ್ತಿಯೇ ತಿರುವನ್ನು ಹಾದು ಕಡಲದಂಡೆಗೆ ಬಂದು, ಸುರಂಗವನ್ನು ಹೊಕ್ಕು, ಹೊರಬಿದ್ದೊಡನೆ ಬಂದರಿನ ಕಟ್ಟೆಯ ಮೇಲೆ ಎಡಬಲಕ್ಕೆ ತಿರುಚಿದ ಶಿಕೇನ್ ಎಂಬ ತಡೆಯನ್ನು ದಾಟಿ, ತಬಾ ಎಂಬ ಎಡತಿರುವಿಗೆ ತಲಪುತ್ತೇವೆ. ತಬಾ ಎಂದರೆ ಬೇರೇನೂ ಅಲ್ಲ, ಅಲ್ಲಿದ್ದ ಹೊಗೆಸೊಪ್ಪಿನ ಅಂಗಡಿ. 1929ರಲ್ಲಿ ಅಲ್ಲಿಂದ ಮುಂದೆ ಕಟ್ಟೆಯ ಮೇಲೆ ನೇರವಾಗಿ ಓಡಿ, ಅನಿಲ ಸಂಗ್ರಹಾಗಾರದ ಹತ್ತಿರ ಮತ್ತೊಂದು ಹೇರ್‌ಪಿನ್ ತಿರುವನ್ನು ತಿರುಗಿದರೆ ಸುತ್ತು ಮುಗಿಯುತ್ತಿತ್ತು.

ಸ್ಥಳನಾಮಗಳ ಅಧ್ಯಯನದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಈ ಹೆಸರುಗಳನ್ನು ಗಮನಿಸಬೇಕು. ಗುಡಿ, ಹೋಟಲು, ನಾಟಕಮಂದಿರದ ಸಂಗೀತಕಾರ, ಅಂಗಡಿ, ಅನಿಲದ ಕಾರ್ಖಾನೆ: ಒಂದು ಪೇಟೆಯ ನಿತ್ಯಜೀವನವೆಲ್ಲ ಇಲ್ಲಿದೆ. ಯುದ್ಧದ ಗೆಲುವನ್ನಾಗಲಿ ಸೇನಾನಿಯನ್ನಾಗಲಿ ನೆನೆಸುವ ತಿರುವು ಒಂದೂ ಇಲ್ಲ. ನಮ್ಮ ಕಡೆಯ ದೇವಸ್ಥಾನದ ಊರುಗಳಲ್ಲಿ ರಥಬೀದಿ ವರ್ಷವೆಲ್ಲ ಅಂಗಡಿಯವರದಾಗಿದ್ದು ತೇರಿನ ದಿನ ಮಾತ್ರ ದೇವರದಾಗುವಂತೆ, ಈ ಬೀದಿಗಳೂ ವರ್ಷಕ್ಕೆ ಕೆಲವು ದಿನ ಮಾತ್ರ ಪಂದ್ಯದವು. ಉಳಿದ ದಿನಗಳಲ್ಲಿ ಊರಿನವು.

ಮೊದಲ ಪಂದ್ಯ ನಡೆದುದು 1929ರ ಏಪ್ರಿಲ್ 14ರಂದು. ಸುತ್ತಿನ ಉದ್ದ 3.18 ಕಿಲೋಮೀಟರು, ಸುತ್ತುಗಳು 100, ಹೊರಟ ವಾಹನಗಳು 16. ಯಾರು ಮುಂದೆ ನಿಲ್ಲಬೇಕೆಂಬುದನ್ನು ಚೀಟಿಯೆತ್ತಿ ತೀರ್ಮಾನಿಸಿದರು. ಬೀದಿಗಳಲ್ಲಿ ಟ್ರಾಮಿನ ಹಳಿಗಳಿದ್ದುವು. ಹಸುರು ಬಣ್ಣದ ಬುಗಾಟಿಯಲ್ಲಿ ವಿಲಿಯಮ್ಸ್ ಎಂಬ ಹೆಸರಿನಿಂದ ಓಡಿಸಿದ ವಿಲಿಯಂ ಗ್ರೋವರ್-ವಿಲಿಯಮ್ಸ್ ಮೊದಲಿಗನಾದನು. ಆತನ ಸರಾಸರಿ ವೇಗ ಗಂಟೆಗೆ ಸುಮಾರು 80 ಕಿಲೋಮೀಟರು. ಜರ್ಮನಿಯ ಕಾರಾಚ್ಚಿಯೋಲ 7 ಲೀಟರಿಗೂ ಮಿಕ್ಕಿದ ಎಂಜಿನ್ನಿನ ಭಾರಿ ಮರ್ಸಿಡಿಸ್ ವಾಹನವನ್ನು ತಂದಿದ್ದನು. ಎಣ್ಣೆ ತುಂಬಿಸುವುದರಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಕಳೆದು ಆತ ಮೂರನೆಯವನಾದನು. ಹಗುರವಾದ, ಚುರುಕಾಗಿ ತಿರುಗಬಲ್ಲ ವಾಹನಕ್ಕೆ ಈ ಹಾದಿ ಒಲಿಯುವುದೆಂಬುದು ಮೊದಲ ದಿನವೇ ಸ್ಪಷ್ಟವಾಯಿತು. ಹಾದಿಯ ಬಗ್ಗೆ ಸಲಹೆಯಿತ್ತ ಶಿರೋನ್ ಆ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯಕ್ಕೆ ಹೋಗಿದ್ದುದರಿಂದ ಭಾಗವಹಿಸಲಿಲ್ಲ; 1931ರಲ್ಲಿ ಆತ ತನ್ನ ಊರಿನಲ್ಲಿ ಗೆದ್ದನು. ಮೊನಾಕೊದಲ್ಲಿ ಹುಟ್ಟಿದ ಮತ್ತೊಬ್ಬ ಚಾಲಕ ಆ ಪಂದ್ಯವನ್ನು ಗೆಲ್ಲಲು 2024ರವರೆಗೆ ಕಾಯಬೇಕಾಯಿತು. ಆತ ಶಾರ್ಲ್ ಲೆಕ್ಲೇರ್.

ಹಾದಿಯ ಕಿರಿದುತನವು ಪಂದ್ಯದ ನಿಯಮಗಳನ್ನೇ ತಿದ್ದಿತೆಂಬುದಕ್ಕೆ 1933 ಸಾಕ್ಷಿ. ಒಬ್ಬರನ್ನೊಬ್ಬರು ದಾಟುವುದು ಇಷ್ಟು ಕಷ್ಟವಾದ ಕಡೆ ಮುಂದಿನ ಸ್ಥಾನವನ್ನು ಚೀಟಿಗೆ ಬಿಡುವುದು ನ್ಯಾಯವಲ್ಲವೆಂದು, ಅಭ್ಯಾಸದ ದಿನಗಳಲ್ಲಿ ತೋರಿದ ವೇಗದ ಮೇಲೆ ಸ್ಥಾನಗಳನ್ನು ನಿಗದಿಮಾಡಿದರು. ಇಂದು ಎಲ್ಲ ದೇಶಗಳಲ್ಲಿಯೂ ರೂಢಿಯಲ್ಲಿರುವ ಈ ಕ್ರಮ ಗ್ರ್ಯಾನ್ ಪ್ರಿ ಪಂದ್ಯಗಳಲ್ಲಿ ಮೊದಲು ಜಾರಿಗೆ ಬಂದುದು ಇಲ್ಲಿಯೇ.

ಬಂದರಿನ ಅಂಚು ಈ ಹಾದಿಯ ಅತ್ಯಂತ ಅಪಾಯಕರವಾದ ಭಾಗ. 1936ರಲ್ಲಿ ಮಳೆ ಸುರಿಯುತ್ತಿರಲು ಒಂದು ವಾಹನದಿಂದ ಸೋರಿದ ಎಣ್ಣೆಯ ಮೇಲೆ ಜಾರಿ ಹಲವು ವಾಹನಗಳು ಶಿಕೇನಿನ ಬಳಿ ಒಂದಕ್ಕೊಂದು ಬಡಿದುವು. 1950ರ ಮೇ 21ರಂದು, ಹೊಸದಾಗಿ ಪ್ರಾರಂಭವಾಗಿದ್ದ ವಿಶ್ವ ಚಾಂಪಿಯನ್‌ಷಿಪ್ಪಿನ ಎರಡನೆಯ ಪಂದ್ಯದಲ್ಲಿ, ಕಡಲಿನ ಅಲೆಯೊಂದು ಕಟ್ಟೆಯನ್ನು ದಾಟಿ ತಬಾ ತಿರುವಿನ ಮೇಲೆ ಬಿದ್ದಿತು. ಮೊದಲ ಸುತ್ತಿನಲ್ಲಿಯೇ ಒಂಬತ್ತು ಹತ್ತು ವಾಹನಗಳು ಅಲ್ಲಿ ಹಾಳಾದುವು. ಮುಂದಿದ್ದ ಅರ್ಜೆಂಟೀನದ ಫಾಂಜಿಯೊ ಎರಡನೆಯ ಸುತ್ತಿನಲ್ಲಿ ಅಲ್ಲಿಗೆ ಬರುವಾಗ ಪ್ರೇಕ್ಷಕರು ತನ್ನನ್ನು ನೋಡದೆ ಬೇರೆ ಕಡೆ ಮುಖಮಾಡಿರುವುದನ್ನು ಗಮನಿಸಿ ವೇಗವನ್ನು ತಗ್ಗಿಸಿದನೆಂದು ಹೇಳುತ್ತಾರೆ. ಪಂದ್ಯವನ್ನೂ ಆತನೇ ಗೆದ್ದನು. 1955ರಲ್ಲಿ ಇಟಲಿಯ ಆಲ್ಬರ್ಟೊ ಅಸ್ಕಾರಿ ಶಿಕೇನಿನಲ್ಲಿ ಹಿಡಿತ ತಪ್ಪಿ, ಅಡ್ಡವಿಟ್ಟ ಹುಲ್ಲಿನ ಕಂತೆಗಳನ್ನು ಸೀಳಿಕೊಂಡು ವಾಹನದೊಡನೆ ಬಂದರಿನ ನೀರಿಗೆ ಬಿದ್ದನು. ಅಲ್ಲಿಂದ ಈಜಿ ಬದುಕಿಬಂದವನು ನಾಲ್ಕು ದಿನಗಳ ತರುವಾಯ ಮೊಂಜಾದಲ್ಲಿ ಅಭ್ಯಾಸ ಮಾಡುತ್ತ ಮಡಿದನು. ಈ ಪ್ರಸಂಗವನ್ನು ವಿನೋದದ ಕಥೆಯಂತೆ ಹೇಳುವ ವಾಡಿಕೆ ಮೋಟಾರು ಸಾಹಿತ್ಯದಲ್ಲಿ ಬಹುಕಾಲ ಇತ್ತು. ನಮಗೆ ಇದು ಸರಿಕಾಣುವುದಿಲ್ಲ. ನೀರಿಗೂ ವಾಹನಕ್ಕೂ ನಡುವೆ ಹುಲ್ಲಿನ ಕಂತೆಗಳಲ್ಲದೆ ಬೇರೇನೂ ಇಲ್ಲದಿದ್ದುದನ್ನು ಅಂದು ವಿಮರ್ಶಿಸಬೇಕಾಗಿತ್ತು. ಹಾಗಾಗಲಿಲ್ಲ. 1965ರಲ್ಲಿ ಆಸ್ಟ್ರೇಲಿಯದ ಪಾಲ್ ಹಾಕಿನ್ಸ್ ಕೂಡ ಅದೇ ನೀರಿಗೆ ಬಿದ್ದನು.

1967ರ ಮೇ 7ರಂದು ಇದರ ಬೆಲೆಯನ್ನು ತೆರಬೇಕಾಯಿತು. ಎರಡನೆಯ ಸ್ಥಾನದಲ್ಲಿದ್ದ ಫೆರಾರಿ ತಂಡದ ಲೊರೆಂಜೊ ಬಂದೀನಿ, ನೂರರಲ್ಲಿ ಎಂಬತ್ತೆರಡನೆಯ ಸುತ್ತಿನಲ್ಲಿ, ಶಿಕೇನಿನ ತಡೆಗೆ ಬಡಿದನು. ವಾಹನ ಮಗುಚಿತು, ಉರಿ ಎದ್ದಿತು, ಹುಲ್ಲಿನ ಕಂತೆಗಳು ಆ ಉರಿಗೆ ಮೇವಾದುವು. ಪ್ರೇಕ್ಷಕನನ್ನೂ ಚಾಲಕನನ್ನೂ ಕಾಯಲೆಂದು ಇಟ್ಟ ವಸ್ತುವೇ ಅಪಾಯವನ್ನು ಹೆಚ್ಚಿಸಿತು. ಸುಟ್ಟಗಾಯಗಳಿಂದ ನರಳಿ ಮೇ 10ರಂದು ಆತ ತೀರಿಕೊಂಡನು. ಆಗ ಆತನಿಗೆ 31 ವರ್ಷ. ಅಷ್ಟು ದೀರ್ಘಕಾಲ ನಿಮಿಷಕ್ಕೆ ಹಲವು ಸಲ ಗೇರು ಬದಲಿಸುತ್ತ ಓಡಿಸಿದ ಆಯಾಸವೂ ಕಾರಣವಿರಬೇಕೆಂದು ಅನೇಕರು ಭಾವಿಸಿದರು. 1968ರಲ್ಲಿ ಸುತ್ತುಗಳನ್ನು 100ರಿಂದ 80ಕ್ಕೆ ಇಳಿಸಿದರು. ಹುಲ್ಲಿನ ಕಂತೆಗಳ ಕಾಲ ಮುಗಿಯಿತು. ಅವುಗಳ ಬದಲು ಉಕ್ಕಿನ ಪಟ್ಟಿಯ ತಡೆಗಳು ಬಂದುವು. ಇಂದಿನ ಹಾದಿಯ ಉದ್ದಕ್ಕೂ ಎರಡು ಮಗ್ಗುಲಲ್ಲಿ ಕಾಣುವ ಉಕ್ಕಿನ ಗೋಡೆ ಈ ಮರಣದ ಹಿಂದೆ ಬಂದುದೆಂಬುದನ್ನು ನಾವು ಮರೆಯಬಾರದು.

ಮರಣ ಒಂದು ಕಾರಣವಾದರೆ ಕಟ್ಟಡ ಮತ್ತೊಂದು. 1949ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ರೇನಿಯೇ ದೊರೆಯನ್ನು ಕಟ್ಟಡಗಳ ದೊರೆಯೆಂದೇ ಕರೆಯುತ್ತಿದ್ದರು. ಜೂಜಿನ ಆದಾಯವೊಂದನ್ನೇ ನಂಬಿ ರಾಜ್ಯ ಉಳಿಯಲಾರದೆಂಬುದು ಆತನಿಗೆ ಮನವರಿಕೆಯಾಗಿತ್ತು. ತೆರಿಗೆಯ ವಿಷಯದಲ್ಲಿ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಜೊತೆ ವಿವಾದವಾಗಿ 1962ರ ಅಕ್ಟೋಬರಿನಲ್ಲಿ ಗಡಿಯಲ್ಲಿ ಸುಂಕದ ತಪಾಸಣೆ ಸಹ ನಡೆಯಿತು. 1963ರ ಒಪ್ಪಂದದಿಂದ ಅದು ಪರಿಹಾರವಾಯಿತು. ನೆಲವನ್ನು ಪಕ್ಕಕ್ಕೆ ವಿಸ್ತರಿಸುವಂತಿರಲಿಲ್ಲ. ಉಳಿದ ದಾರಿಗಳು ಎರಡೇ: ಭೂಮಿಯೊಳಕ್ಕೆ ಇಳಿಯುವುದು, ಕಡಲನ್ನು ತುಂಬುವುದು. ಎರಡನ್ನೂ ಮಾಡಿದರು. ಎರಡೂ ಪಂದ್ಯದ ಹಾದಿಯಲ್ಲಿ ಕಾಣುತ್ತವೆ.

ಮೊದಲನೆಯದಕ್ಕೆ ಹೇರ್‌ಪಿನ್ ತಿರುವು ನಿದರ್ಶನ. ಅದನ್ನು ಹಿಂದೆ ಸ್ಟೇಷನ್ನಿನ ತಿರುವು ಎನ್ನುತ್ತಿದ್ದರು; ಮಾಂಟೆ ಕಾರ್ಲೊ ರೈಲ್ವೆ ಸ್ಟೇಷನ್ ಅಲ್ಲಿ ಇತ್ತು. 1964ರಲ್ಲಿ ರೈಲುಹಾದಿಯನ್ನು ಬೆಟ್ಟದೊಳಗಿನ ಸುರಂಗಕ್ಕೆ ಸಾಗಿಸಿದರು. ಸ್ಟೇಷನ್ನನ್ನು ಕೆಡವಿದರು. ಆ ಜಾಗದಲ್ಲಿ 1975ರಲ್ಲಿ ಲೋಯ್ಸ್ ಎಂಬ ಭಾರಿ ಹೋಟಲು ತೆರೆಯಿತು. ತಿರುವು ಲೋಯ್ಸ್ ತಿರುವಾಯಿತು. ಹೋಟಲಿನ ಒಡೆತನ ಬದಲಾದ ಮೇಲೆ ಈಗ ಫೇರ್ಮಾಂಟ್ ತಿರುವು ಎನ್ನುತ್ತಾರೆ. ಹಳೆಯ ಚಾಲಕರು ಮಾತ್ರ ಬಹುಕಾಲ ಸ್ಟೇಷನ್ ತಿರುವೆಂದೇ ಹೇಳುತ್ತಿದ್ದರು. ಸುರಂಗದ ಕಥೆಯೂ ಇಂಥದೇ. ಪಾರಿವಾಳಗಳನ್ನು ಹಾರಿಸಿ ಗುಂಡಿಕ್ಕುವ ವಿನೋದಕ್ಕಾಗಿ ಜೂಜಿನ ಅರಮನೆಯ ಕೆಳಗಿದ್ದ ಜಗಲಿಯ ಅಡಿಯಲ್ಲಿ ಅದು ಮೊದಲು ಕಿರಿದಾಗಿತ್ತು. ಈ ಹೋಟಲು ರಸ್ತೆಯ ಮೇಲೆ ಚಾಚಿಕೊಂಡುದರಿಂದ ಉದ್ದವಾಯಿತು. ಬಿಸಿಲಿನಿಂದ ಕತ್ತಲೆಗೂ ಕತ್ತಲೆಯಿಂದ ಬಿಸಿಲಿಗೂ ಕ್ಷಣಾರ್ಧದಲ್ಲಿ ಬರುವ ಚಾಲಕನ ಕಣ್ಣಿಗೆ ಆಗುವ ತೊಡಕನ್ನು ಹೋಟಲು ಕಟ್ಟಿದವರು ಯೋಚಿಸಿದ್ದರೆಂದು ತೋರುವುದಿಲ್ಲ.

ಎರಡನೆಯದಕ್ಕೆ ಬಂದರಿನ ದಂಡೆ ನಿದರ್ಶನ. ಕಟ್ಟೆಯ ಮೇಲೆ ಈಜುಕೊಳವನ್ನು ಕಟ್ಟಿದ್ದರು. 1973ರಲ್ಲಿ ಅದನ್ನು ಬಳಸಿಕೊಂಡು ಹೋಗುವ ಹೊಸ ರಸ್ತೆಯನ್ನು ಪಂದ್ಯದ ಹಾದಿಗೆ ಸೇರಿಸಿ, ರಾಸ್ಕಾಸ್ ಎಂಬ ಊಟದ ಮನೆಯನ್ನು ಸುತ್ತಿ ಬರುವಂತೆ ಮಾಡಿದರು. ರಾಸ್ಕಾಸ್ ಎಂಬುದು ಅಲ್ಲಿಯವರು ಸಾರಿಗೆ ಹಾಕುವ ಒಂದು ಮೀನಿನ ಹೆಸರು. ಅನಿಲ ಸಂಗ್ರಹಾಗಾರದ ತಿರುವು ಅಂದಿಗೆ ಇಲ್ಲವಾಯಿತು. ಸುತ್ತು 3.145ರಿಂದ 3.278 ಕಿಲೋಮೀಟರಿಗೆ ಬೆಳೆದು, ಸುತ್ತುಗಳ ಸಂಖ್ಯೆ 78 ಆಯಿತು. ಇಂದಿಗೂ ಅಷ್ಟೇ ಇದೆ. ನಮ್ಮ ದೃಷ್ಟಿಯಲ್ಲಿ 1929ರ ಹಾದಿ ಕೊನೆಗೊಂಡು ಹೊಸ ಹಾದಿ ಹುಟ್ಟಿದ ವರ್ಷ ಇದೇ. ಹಳೆಯ ಹಾದಿಗೆ ಬಂದರಿನ ಬದಿಯಲ್ಲಿ ಎರಡು ದೀರ್ಘವಾದ ನೇರ ಭಾಗಗಳಿದ್ದುವು. ಅಲ್ಲಿ ಮುಂದಿನವನನ್ನು ದಾಟಲು ಎಡೆಯಿತ್ತು. ಹೊಸದರಲ್ಲಿ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ತೊಡಗುತ್ತದೆ. ದಾಟಲಾಗದ ಪಂದ್ಯವೆಂದು ಮೊನಾಕೊವನ್ನು ಇಂದು ದೂರುವವರು ವಾಹನಗಳ ಅಗಲವನ್ನು ಮಾತ್ರ ಕಾರಣವಾಗಿ ಹೇಳುತ್ತಾರೆ. ಅಗಲ ಹೆಚ್ಚಿರುವುದು ನಿಜ. ಆದರೆ 1973ರ ತಿದ್ದುಪಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂದಿನ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1976ರಲ್ಲಿ ಸೇಂತ್ ದೆವೋತ್ ಮತ್ತು ರಾಸ್ಕಾಸ್‌ಗಳ ಬಳಿ ತಿದ್ದುಪಡಿಯಾಗಿ ಉದ್ದ 3.312 ಕಿಲೋಮೀಟರಾಯಿತು. 1986ರಲ್ಲಿ ಕಟ್ಟೆಯನ್ನು ನೀರಿನ ಕಡೆಗೆ ಅಗಲಿಸಿ ಶಿಕೇನನ್ನು ಹೊಸದಾಗಿ ರಚಿಸಿದರು; ಬಂದೀನಿ ಮಡಿದ ತಡೆಯ ಆಕಾರ ಈಗ ಉಳಿದಿಲ್ಲ. 1997ರಲ್ಲಿ ಈಜುಕೊಳದ ಮೊದಲ ತಿರುವನ್ನು ತಿದ್ದಿದರು. 2003ರಲ್ಲಿ ಬಂದರಿನಿಂದ ಪಡೆದ ನೆಲದ ಮೇಲೆ ಈಜುಕೊಳದಿಂದ ರಾಸ್ಕಾಸ್‌ವರೆಗಿನ ಭಾಗವನ್ನು ಸರಿಸಿದರು. 2015ರಲ್ಲಿ ತಬಾ ತಿರುವಿನಲ್ಲಿ ಅಲ್ಪ ವ್ಯತ್ಯಾಸವಾಗಿ ಉದ್ದ 3.337 ಕಿಲೋಮೀಟರಿಗೆ ಬಂದು ನಿಂತಿತು. 78 ಸುತ್ತುಗಳೆಂದರೆ ಒಟ್ಟು 260 ಕಿಲೋಮೀಟರು. ಇತರ ಗ್ರ್ಯಾನ್ ಪ್ರಿ ಪಂದ್ಯಗಳು ಕನಿಷ್ಠ 305 ಕಿಲೋಮೀಟರು ಇರಬೇಕೆಂಬ ನಿಯಮದಿಂದ ಇದೊಂದಕ್ಕೆ ಮಾತ್ರ ವಿನಾಯಿತಿ ಇದೆ. ಕ್ರಿಸ್ತಸ್ವರ್ಗಾರೋಹಣದ ಹಬ್ಬಕ್ಕೆ ಹೊಂದಿಕೊಂಡು ಗುರುವಾರವೇ ಅಭ್ಯಾಸ ನಡೆಸಿ, ಶುಕ್ರವಾರ ಬೀದಿಗಳನ್ನು ಊರಿಗೆ ಬಿಟ್ಟುಕೊಡುತ್ತಿದ್ದ ಹಳೆಯ ಪದ್ಧತಿ 2022ರಲ್ಲಿ ನಿಂತಿತು. ಇದನ್ನು ಚಿಕ್ಕ ಬದಲಾವಣೆಯೆಂದು ನಾವು ಎಣಿಸುವುದಿಲ್ಲ. ಪಂದ್ಯದ ನಡುವೆಯೇ ಬೀದಿ ಒಂದು ದಿನದ ಮಟ್ಟಿಗೆ ಮತ್ತೆ ಬೀದಿಯಾಗುತ್ತಿದ್ದ ಸಂಪ್ರದಾಯ ಬೇರೆಲ್ಲಿಯೂ ಇರಲಿಲ್ಲ.

ಈ ಎಲ್ಲ ತಿದ್ದುಪಡಿಗಳ ನಡುವೆ ಬದಲಾಗದೆ ಉಳಿದಿರುವುದು ಮೇಲುಭಾಗ: ಬೋ ರಿವಾಜ್ ಏರಿನಿಂದ ಪೋರ್ತಿಯೇವರೆಗಿನ ಹಾದಿ. ಅಲ್ಲಿ ತುಂಬಲು ಕಡಲಿಲ್ಲ, ಸರಿಸಲು ಬೆಟ್ಟವೂ ಇಲ್ಲ. ಏನೂ ಬದಲಾಗಿಲ್ಲವೆಂಬ ನಂಬಿಕೆ ಹುಟ್ಟಿದುದು ಈ ಭಾಗವನ್ನು ನೋಡಿಯೇ ಇರಬೇಕು.

ಹಾದಿಯ ಕೊನೆಯ ಬಲತಿರುವಿಗೆ ಈಗ ಆಂಟನಿ ನೋಗೆಸನ ಹೆಸರಿದೆ. ಮೊದಲ ಪಂದ್ಯವನ್ನು ಗೆದ್ದ ಗ್ರೋವರ್-ವಿಲಿಯಮ್ಸ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಗೂಢಚಾರನಾಗಿ ಫ್ರಾನ್ಸಿನಲ್ಲಿ ಕೆಲಸಮಾಡಿ, 1943ರಲ್ಲಿ ಜರ್ಮನರ ಕೈಗೆ ಸಿಕ್ಕಿ, 1945ರಲ್ಲಿ ಸಾಕ್ಸನ್‌ಹೌಸನ್ ಸೆರೆಶಿಬಿರದಲ್ಲಿ ಕೊಲ್ಲಲ್ಪಟ್ಟನು. ಅವನ ಹೆಸರಿನ ತಿರುವು ಇಲ್ಲ. ಸೇಂತ್ ದೆವೋತ್ ಗುಡಿಯ ಹತ್ತಿರ, ರಸ್ತೆಯ ಬದಿಯಲ್ಲಿ, ಬುಗಾಟಿಯೊಳಗೆ ಕುಳಿತಿರುವ ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ.